ಅಕ್ಷತೆ ಬೀಳುವ ಹತ್ತು ಸೆಕೆಂಡು: ಡಿಕೋಡರ್ ನಿಧಾನವೋ, ನಮ್ಮ ಕೋಡ್ ನಿಧಾನವೋ?

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮದುವೆ ವಿಡಿಯೋ ಸ್ಟುಡಿಯೋ ಇಟ್ಟಿರುವ ಗೆಳೆಯನಿಗೆ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಕ್ಲಿಪ್ಪುಗಳನ್ನು ಓಡಿಸಿ ನೋಡಿ, ಯಾವುದು ಇಟ್ಟುಕೊಳ್ಳೋದು, ಯಾವುದು ಬಿಡೋದು ಅಂತ ಗುರುತು ಹಾಕುವುದಷ್ಟೇ ಅದರ ಕೆಲಸ. ಸಿ ಭಾಷೆ, ಒಳಗೆ ವಿಡಿಯೋ ಬಿಚ್ಚುವ, ಕಟ್ಟುವ ಟೂಲ್ ಎಫ್‌ಎಫ್‌ಎಂಪೆಗ್‌ನ ಲೈಬ್ರರಿಗಳು. ಕ್ಯಾಮೆರಾದ ಎಚ್.264 (ವಿಡಿಯೋ ಕುಗ್ಗಿಸಿಡುವ ಒಂದು ಪದ್ಧತಿ) ಕ್ಲಿಪ್ಪುಗಳಿಗೆ ಯಾವ ತಕರಾರೂ ಇರಲಿಲ್ಲ. ಬೀಗರ ಕಡೆಯವರು ಹೊಸ ಫೋನಿನಲ್ಲಿ ತೆಗೆದ 4ಕೆ ಕ್ಲಿಪ್ಪುಗಳನ್ನೂ "ಇವನ್ನೂ ಸೇರಿಸ್ರಿ" ಅಂತ ಕೊಡತೊಡಗಿದ ಮೇಲೆ ಶುರುವಾಯಿತು.

"ಸಿಕ್ಕಾಕ್ಕೊಂಡು ಸಿಕ್ಕಾಕ್ಕೊಂಡು ಓಡ್ತೈತಿ. ಹೊಸ ಗ್ರಾಫಿಕ್ಸ್ ಕಾರ್ಡ್ ತಗೊಂಬಿಡ್ಲೇನು?" ಅಂದ. ಒಂದು ವಾರ ತಡಿ ಅಂದೆ. ಆ ವಾರದಲ್ಲಿ ಯಾವ ಟೂಲ್ ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ, ಯಾವ ಕ್ರಮದಲ್ಲಿ ಹಿಡಿದರೆ ವಾರದ ಬದಲು ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು ಅನ್ನುವುದನ್ನು ಬರೆಯುತ್ತಿದ್ದೇನೆ. ಎಲ್ಲವೂ ಓಪನ್ ಸೋರ್ಸ್, ಎಲ್ಲವೂ ಲಿನಕ್ಸ್‌ನಲ್ಲಿ. ಆಯ್ಕೆಗಳ ಹೆಸರನ್ನು ಬಾಯಲ್ಲಿ ಹೇಳುವಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್‌ನಲ್ಲೇ ಒತ್ತಬೇಕು.

ಮೊದಲು ಕ್ಲಿಪ್ ಆರಿಸಿ

ಮಂಟಪದಲ್ಲಿ ಪುರೋಹಿತರು ಮಂತ್ರ ಹೇಳುತ್ತಾ ಕೂತಿರುವ ದೃಶ್ಯ ಡಿಕೋಡರಿಗೆ, ಅಂದರೆ ಕುಗ್ಗಿಸಿದ ವಿಡಿಯೋವನ್ನು ಫ್ರೇಮುಗಳಾಗಿ ಬಿಚ್ಚುವ ಕೋಡಿಗೆ, ಸಲೀಸು. ಹಿಂದಿನ ಫ್ರೇಮಿನಿಂದ ಎತ್ತಿಕೊಂಡರೆ ಮುಗಿಯಿತು. ಮುಹೂರ್ತದಲ್ಲಿ ಗಟ್ಟಿಮೇಳ ಬಾರಿಸಿ ಎಲ್ಲರೂ ಅಕ್ಷತೆ ಎಸೆಯುತ್ತಾರಲ್ಲ, ಅದೇ ಕಷ್ಟದ ಹೊತ್ತು. ಒಂದೊಂದು ಕಾಳೂ ಒಂದೊಂದು ದಿಕ್ಕಿಗೆ ಹಾರುತ್ತಿರುತ್ತದೆ, ಫ್ರೇಮಿಂದ ಫ್ರೇಮಿಗೆ ಹೋಲಿಕೆಯೇ ಸಿಗುವುದಿಲ್ಲ. ಆ ಹತ್ತು ಸೆಕೆಂಡನ್ನು ಕತ್ತರಿಸಿಟ್ಟುಕೊಂಡೆ. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ತೆಗೆದ ಪ್ರೀ-ವೆಡ್ಡಿಂಗ್ ಕ್ಲಿಪ್ಪೂ ಇತ್ತು, ಗಾಳಿಗೆ ಗುಡ್ಡದ ಹುಲ್ಲೆಲ್ಲ ಅಲ್ಲಾಡುವಂಥದ್ದು. ಅದೂ ಒಳ್ಳೆಯ ಪರೀಕ್ಷೆಯೇ. ಕತ್ತರಿಸುವಾಗ ಮರು-ಎನ್‌ಕೋಡ್ ಮಾಡಬೇಡಿ, 'ಕಾಪಿ' ಕೊಡಿ. ಇಲ್ಲದಿದ್ದರೆ ನೀವು ಅಳೆಯುವುದು ಬೇರೆಯದೇ ಫೈಲನ್ನು. ಕಾಪಿಯಲ್ಲಿ ಕೀಫ್ರೇಮಿನಿಂದಲೇ (ಬೇರೆ ಫ್ರೇಮಿನ ನೆರವಿಲ್ಲದೆ ಬಿಚ್ಚಬಹುದಾದ ಫ್ರೇಮ್) ಕತ್ತರಿ ಬೀಳುವುದರಿಂದ ಒಂದೆರಡು ಸೆಕೆಂಡ್ ಹಿಂದುಮುಂದಾಗುತ್ತದೆ, ಆಗಲಿ.

ಫೈಲನ್ನು ಯುಎಸ್‌ಬಿ ಹಾರ್ಡ್ ಡಿಸ್ಕಿನಿಂದ ನೇರ ಓಡಿಸಿ ಅಳೆಯಬೇಡಿ. ಒಳಗಿನ ಡಿಸ್ಕಿಗೆ ಹಾಕಿಕೊಂಡು, ಮೊದಲ ಓಟದ ಅಂಕಿಯನ್ನು ಬಿಟ್ಟು, ಮುಂದಿನ ನಾಲ್ಕೈದು ಓಟಗಳನ್ನು ನೋಡಿ.

ಡಿಕೋಡರನ್ನು ಒಂಟಿಯಾಗಿ ನಿಲ್ಲಿಸಿ ಅಳೆಯುವುದು

ಇದು ಎಲ್ಲಕ್ಕಿಂತ ಮುಖ್ಯ, ಹಾಗೂ ನಾನು ಮೂರನೇ ದಿನಕ್ಕೆ ಮಾಡಿದ್ದು. ಪರದೆ ಬೇಡ, ವಿಂಡೋ ಬೇಡ, ಆಡಿಯೋ ಬೇಡ. ಎಫ್‌ಎಫ್‌ಎಂಪೆಗ್‌ಗೆ 'ಬೆಂಚ್‌ಮಾರ್ಕ್' ಆಯ್ಕೆ ಕೊಟ್ಟು, ಆಡಿಯೋ ತೆಗೆದು, ಔಟ್‌ಪುಟ್ ಫಾರ್ಮ್ಯಾಟನ್ನು 'ನಲ್' ಮಾಡಿ. ಅದು ಫ್ರೇಮುಗಳನ್ನು ಬಿಚ್ಚಿ ಬಿಚ್ಚಿ ಎಸೆಯುತ್ತಾ ಹೋಗುತ್ತದೆ. ಕೊನೆಗೆ ಯೂಟೈಮ್, ಎಸ್‌ಟೈಮ್, ಆರ್‌ಟೈಮ್ ಎಂದು ಮೂರು ಅಂಕಿ ಬರುತ್ತವೆ: ಪ್ರೋಗ್ರಾಂ ತಿಂದ ಸಿಪಿಯು ಸಮಯ, ಅದಕ್ಕಾಗಿ ಕರ್ನೆಲ್ ತಿಂದದ್ದು, ಗೋಡೆ ಗಡಿಯಾರದ ಸಮಯ. 'ಸ್ಪೀಡ್' ಅನ್ನುವ ಅಂಕಿ 1ಕ್ಕಿಂತ ಕೆಳಗಿದ್ದರೆ ಬರೀ ಡಿಕೋಡಿಂಗೇ ಹಿಂದೆ ಬೀಳುತ್ತಿದೆ ಎಂದರ್ಥ.

ಫೋನಿನ ಕ್ಲಿಪ್ಪಿಗೆ ಇನ್ನೊಂದು ಎಚ್ಚರ. ಅಡ್ಡವೋ ನೆಟ್ಟಗೋ ಎನ್ನುವ ಟಿಪ್ಪಣಿ ಆ ಫೈಲಿನಲ್ಲಿರುತ್ತದೆ. ಅದನ್ನು ನೋಡಿ ಎಫ್‌ಎಫ್‌ಎಂಪೆಗ್ ಕೇಳದೆಯೇ ತಿರುಗಿಸುವ ಫಿಲ್ಟರ್ ಸೇರಿಸಿಬಿಡುತ್ತದೆ. 'ನೋ-ಆಟೋರೊಟೇಟ್' ಕೊಡದಿದ್ದರೆ ತಿರುಗಿಸಿದ ಶ್ರಮವೂ ಡಿಕೋಡರಿನ ಲೆಕ್ಕಕ್ಕೆ ಬೀಳುತ್ತದೆ.

ಇನ್ನು ಅಡುಗೆಮನೆ ಉಪಾಯ ಒಂದು. ಅದೇ ಕಮಾಂಡನ್ನು ಎರಡು ಸಲ ಓಡಿಸಿ: ಒಮ್ಮೆ ಹಾಗೇ, ಇನ್ನೊಮ್ಮೆ ಪಿಕ್ಸೆಲ್ ಫಾರ್ಮ್ಯಾಟನ್ನು 'ಬಿಜಿಆರ್‌ಎ' (ಪರದೆಗೆ ಹಾಕುವ ಬಣ್ಣದ ರೂಪ) ಎಂದು ಕೊಟ್ಟು. ಎರಡರ ನಡುವಿನ ವ್ಯತ್ಯಾಸವೇ ಬಣ್ಣ ಪರಿವರ್ತನೆಯ ಖರ್ಚು. ಇದು ಸಣ್ಣದಲ್ಲ. 3840×2160ರ 10-ಬಿಟ್ (ಒಂದೊಂದು ಬಣ್ಣದ ಅಂಶಕ್ಕೂ 10 ಬಿಟ್) ಫ್ರೇಮ್ ಒಂದು ಮೆಮೊರಿಯಲ್ಲಿ ಸುಮಾರು 24.9 ಎಂಬಿ, ಸೆಕೆಂಡಿಗೆ 30 ಫ್ರೇಮ್ ಅಂದರೆ 746 ಎಂಬಿ. ಬಿಜಿಆರ್‌ಎ ಮಾಡಿದರೆ ಫ್ರೇಮಿಗೆ 33 ಎಂಬಿ ದಾಟುತ್ತದೆ. ಡಿಕೋಡರ್ ಎಷ್ಟೇ ಚುರುಕಾಗಿದ್ದರೂ ಅದು ಬಿಚ್ಚಿದ ಗಂಟನ್ನು ಯಾರೋ ಹೊರಬೇಕಲ್ಲ.

ಗೆಳೆಯನ ಯಂತ್ರ 6ನೇ ತಲೆಮಾರಿನ ಇಂಟೆಲ್. ಗ್ರಾಫಿಕ್ಸ್ ಹಾರ್ಡ್‌ವೇರ್ ಏನೇನು ಬಿಚ್ಚಬಲ್ಲದು ಎಂದು ಹೇಳುವ 'ವಿಎಇನ್ಫೋ' ಓಡಿಸಿ ನೋಡಿದರೆ ಎಚ್‌ಇವಿಸಿಯ (ಎಚ್.264ರ ನಂತರ ಬಂದ ಪದ್ಧತಿ, ಫೋನಿನ ಕ್ಲಿಪ್ಪುಗಳು ಇದರಲ್ಲಿದ್ದವು) 8-ಬಿಟ್ ಮೇನ್ ಪ್ರೊಫೈಲ್ ಇದೆ, 10-ಬಿಟ್‌ನ ಮೇನ್10 ಇಲ್ಲ. 10-ಬಿಟ್ ಎಚ್‌ಇವಿಸಿಯನ್ನು ಪೂರ್ತಿ ಹಾರ್ಡ್‌ವೇರ್‌ನಲ್ಲೇ ಬಿಚ್ಚುವುದು 7ನೇ ತಲೆಮಾರಿನಿಂದ. ಫೋನಿನ ಎಚ್‌ಡಿಆರ್ ಕ್ಲಿಪ್ಪುಗಳೆಲ್ಲ 10-ಬಿಟ್. ಹಾರ್ಡ್‌ವೇರ್‌ನಲ್ಲೇ ಬಿಚ್ಚು ಎನ್ನುವ ವಿಎ-ಎಪಿಐ ಆಯ್ಕೆ ಕೊಟ್ಟರೆ ಎಫ್‌ಎಫ್‌ಎಂಪೆಗ್ ಲಾಗಿನಲ್ಲಿ ಒಂದು ಸಾಲು ಗೊಣಗಿ, ಸುಮ್ಮನೆ ಸಾಫ್ಟ್‌ವೇರ್ ಡಿಕೋಡರಿಗೆ ಇಳಿದುಬಿಡುತ್ತದೆ. ಆ ಸಾಲನ್ನು ಓದದೆ "ಜಿಪಿಯುನಲ್ಲೇ ಓಡ್ತಿದೆ" ಎಂದು ನಾನು ಅರ್ಧ ದಿನ ನಂಬಿದ್ದೆ. ಹಾರ್ಡ್‌ವೇರ್ ನಿಜಕ್ಕೂ ಓಡುವ ಕಡೆಯೂ ಔಟ್‌ಪುಟ್ ಫಾರ್ಮ್ಯಾಟನ್ನು 'ವಿಎ-ಎಪಿಐ' ಎಂದೇ ಕೊಡದಿದ್ದರೆ ಪ್ರತಿ ಫ್ರೇಮೂ ಮತ್ತೆ ಸಿಪಿಯು ಮೆಮೊರಿಗೆ ಇಳಿದು ಬರುತ್ತದೆ.

ಎವಿ1 ಎಂಬ ಇನ್ನೂ ಹೊಸ ಪದ್ಧತಿಯ ವಿಷಯ ಬೇರೆ. ಆರತಕ್ಷತೆಯ ಎಲ್‌ಇಡಿ ಪರದೆಗೆ ಹಾಕುವ ಹೂಮಳೆ ಲೂಪುಗಳಲ್ಲಿ ಕೆಲವು ಎವಿ1ನಲ್ಲಿ ಬರುತ್ತವೆ. ಎಫ್‌ಎಫ್‌ಎಂಪೆಗ್‌ನ ಸ್ವಂತ ಎವಿ1 ಡಿಕೋಡರಿಗೆ ಹಾರ್ಡ್‌ವೇರ್ ಬೇಕೇ ಬೇಕು. ಸಿಪಿಯುನಲ್ಲಿ ಬಿಚ್ಚಲು ವಿಡಿಯೋಲ್ಯಾನ್‌ನವರ ಡೇವಿಡ್ (2018ರಲ್ಲಿ ಬಂದದ್ದು) ಅಥವಾ ಲಿಬ್‌ಎಒಎಂ. ವೇಗಕ್ಕಾದರೆ ಡೇವಿಡ್ ಸಾಕು, ಹೆಚ್ಚು ಯೋಚಿಸಬೇಡಿ. ಅದರ ಜೊತೆ ಬರುವ ಕಮಾಂಡಿಗೆ ಎಂಪಿ4 ಅರ್ಥವಾಗುವುದಿಲ್ಲ, ಮೊದಲು ಐವಿಎಫ್ ಎಂಬ ಸರಳ ಫೈಲ್ ರೂಪಕ್ಕೆ ಕಾಪಿ ಮಾಡಿಕೊಡಬೇಕು. 'ಸಿಪಿಯುಮಾಸ್ಕ್' 0 ಕೊಟ್ಟರೆ ವೇಗಕ್ಕಾಗಿ ಸಿಪಿಯುವಿನ ಭಾಷೆಯಲ್ಲೇ ಕೈಯಲ್ಲಿ ಬರೆದ ಅಸೆಂಬ್ಲಿ ಎಲ್ಲ ಬಂದ್ ಆಗಿ ಬರೀ ಸಿ ಕೋಡ್ ಓಡುತ್ತದೆ. ಕುತೂಹಲಕ್ಕಾದರೂ ಒಮ್ಮೆ ಮಾಡಿ ನೋಡಿ, ಅಸೆಂಬ್ಲಿ ಬರೆಯುವವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೀರಿ.

ಆಡಿಯೋ-ವಿಡಿಯೋ ಪೈಪ್‌ಲೈನ್ ಕಟ್ಟಲು ಜಿಸ್ಟ್ರೀಮರ್ ಒಳ್ಳೆಯ ಚೌಕಟ್ಟು, ಆದರೆ ಡಿಕೋಡರ್ ಅಳೆಯಲು ನನಗೆ ಹಿಡಿಸಲಿಲ್ಲ. ಡಿಕೋಡರನ್ನು ತಾನೇ ಆರಿಸುವ ಅದರ 'ಡಿಕೋಡ್‌ಬಿನ್' ಯಾವುದನ್ನು ಆರಿಸಿತು ಎಂದು ಪ್ರತಿ ಸಲ ಇಣುಕಿ ನೋಡಬೇಕು. ಇಡೀ ಪೈಪ್‌ಲೈನ್ ಅದರಲ್ಲೇ ಕಟ್ಟಿದ್ದವರ ಮಾತು ಬೇರೆ.

ಇಷ್ಟಾದ ಮೇಲೆ ಸಿಕ್ಕ ಉತ್ತರ: ಅಕ್ಷತೆ ಕ್ಲಿಪ್ಪಿಗೆ ಬರೀ ಸಾಫ್ಟ್‌ವೇರ್ ಡಿಕೋಡರಿನ ಸ್ಪೀಡ್ 1ಕ್ಕಿಂತ ಚೂರು ಮೇಲೇ ಇತ್ತು. ಅದೇ ಯಂತ್ರ, ಅದೇ ಲೈಬ್ರರಿ, ಆದರೂ ನನ್ನ ಪ್ರೋಗ್ರಾಂ ಎಡವುತ್ತಿತ್ತು. ಅಲ್ಲಿಗೆ ಕಾರ್ಡಿನ ಮಾತು ಮುಗಿಯಿತು, ತಪ್ಪು ನನ್ನ ಮನೆಯೊಳಗೇ ಇದೆ.

ಪ್ರೊಫೈಲರ್: ಪ್ರಶ್ನೆ ನೋಡಿ ಟೂಲ್ ಹಿಡಿಯಿರಿ

ಪ್ರೋಗ್ರಾಮಿನ ಸಮಯ ಯಾವ ಫಂಕ್ಷನ್ನಿನಲ್ಲಿ ಹೋಗುತ್ತಿದೆ ಎಂದು ತೋರಿಸುವ ಟೂಲೇ ಪ್ರೊಫೈಲರ್. ಅವುಗಳಲ್ಲಿ ಜಿಪ್ರೊಫ್ ಹಳೆಯದು, 1982ರ ಹೊತ್ತಿನದು. ಅದಕ್ಕೆಂದೇ ಬೇರೆ ಕಂಪೈಲ್ ಮಾಡಬೇಕು, ಶೇರ್ಡ್ ಲೈಬ್ರರಿಯೊಳಗೆ ಅದರ ಕಣ್ಣು ಹೋಗುವುದಿಲ್ಲ. ನಮ್ಮ ಸಮಯವೆಲ್ಲ ಹೋಗುವುದೇ ಲೈಬ್ರರಿಯೊಳಗೆ, ಹಾಗಾಗಿ ಬಿಟ್ಟೆ.

ಪರ್ಫ್ ಲಿನಕ್ಸ್ ಕರ್ನೆಲ್ಲಿನ ಜೊತೆಗೇ ಬೆಳೆದದ್ದು, 2009ರಿಂದ ಇದೆ. ಉಬುಂಟುವಿನಲ್ಲಿ ಸಾಮಾನ್ಯ ಬಳಕೆದಾರನಿಗೆ ಅದು ಬಾಗಿಲು ತೆಗೆಯುವುದಿಲ್ಲ. 'ಪರ್ಫ್ ಈವೆಂಟ್ ಪ್ಯಾರನಾಯ್ಡ್' ಎಂಬ ಕರ್ನೆಲ್ ಸೆಟ್ಟಿಂಗನ್ನು 1ಕ್ಕೆ ಇಳಿಸಬೇಕು. ಎಲ್ಲರೂ ನೇರ 'ಪರ್ಫ್ ರೆಕಾರ್ಡ್'ಗೆ ಹಾರುತ್ತಾರೆ, ನಾನೂ ಹಾರಿದ್ದೆ. ಮೊದಲು 'ಪರ್ಫ್ ಸ್ಟ್ಯಾಟ್' ಓಡಿಸಿ. ಅದರ ಮೊದಲ ಸಾಲಲ್ಲೇ ಎಷ್ಟು ಸಿಪಿಯು ಬಳಕೆಯಾಯಿತು ಎಂದಿರುತ್ತದೆ. ಎಫ್‌ಎಫ್‌ಎಂಪೆಗ್ ಕಮಾಂಡಿಗೆ ಅದು 4ರ ಹತ್ತಿರ ಬಂತು, ಯಂತ್ರಕ್ಕಿರುವುದೂ ನಾಲ್ಕೇ ಕೋರ್. ನನ್ನ ಪ್ರೋಗ್ರಾಮಿಗೆ 1.

ಕಾರಣ ಗೊತ್ತಾದಾಗ ನಗು ಬಂತು. ಎಫ್‌ಎಫ್‌ಎಂಪೆಗ್‌ನ ಡಿಕೋಡರುಗಳಿರುವ ಲೈಬ್ರರಿ ಲಿಬ್‌ಎವಿಕೋಡೆಕ್‌ನಲ್ಲಿ 'ಥ್ರೆಡ್ ಕೌಂಟ್' (ಕೆಲಸವನ್ನು ಎಷ್ಟು ಪಾಲು ಮಾಡಿ ಒಟ್ಟಿಗೆ ಓಡಿಸಬೇಕು) ನಾವಾಗಿ ಕೊಡದಿದ್ದರೆ 1. ಎಫ್‌ಎಫ್‌ಎಂಪೆಗ್ ಕಮಾಂಡ್ ಅದನ್ನು ತಾನೇ 'ಆಟೋ' ಮಾಡಿಕೊಳ್ಳುತ್ತದೆ, ಲೈಬ್ರರಿ ಮಾಡುವುದಿಲ್ಲ. ಡಿಕೋಡರ್ ತೆರೆಯುವ ಮೊದಲು ಅದಕ್ಕೆ 0 ಹಾಕಿದರೆ ಕೋರ್ ಎಷ್ಟಿವೆ ಎಂದು ಅದೇ ಎಣಿಸಿಕೊಳ್ಳುತ್ತದೆ. ಒಂದು ಸಾಲು. ನಾಲ್ಕು ಆಳು ಇದ್ದ ಮನೆಯಲ್ಲಿ ಒಬ್ಬನಿಂದಲೇ ಇಡೀ ಮದುವೆಗೆ ಬಡಿಸಿದ್ದೆ.

ಎಡವುವುದು ಕಮ್ಮಿಯಾಯಿತು, ನಿಲ್ಲಲಿಲ್ಲ. ಆಗ 'ಪರ್ಫ್ ರೆಕಾರ್ಡ್'. ಸೆಕೆಂಡಿಗೆ ಇಷ್ಟು ಸಲ ಇಣುಕಿ, ಆಗ ಯಾವ ಫಂಕ್ಷನ್ ಓಡುತ್ತಿತ್ತು ಎಂದು ಬರೆದಿಡುತ್ತದೆ. ಆ ಒಂದೊಂದು ಇಣುಕೂ ಒಂದು ಸ್ಯಾಂಪಲ್. ಯಾರು ಯಾರನ್ನು ಕರೆದರು ಎನ್ನುವ ಕಾಲ್ ಗ್ರಾಫನ್ನು 'ಡ್ವಾರ್ಫ್' ಎಂದು ಕೊಟ್ಟರೆ ಪ್ರತಿ ಸ್ಯಾಂಪಲಿಗೂ 8 ಕೆಬಿ ಸ್ಟ್ಯಾಕ್ ಎತ್ತಿಟ್ಟುಕೊಳ್ಳುತ್ತದೆ. ಮಾಮೂಲಿ ವೇಗ ಸೆಕೆಂಡಿಗೆ 4000 ಸ್ಯಾಂಪಲ್. ಒಂದು ಕೋರ್ ಪೂರ್ತಿ ದುಡಿದರೆ ಸೆಕೆಂಡಿಗೆ 32 ಎಂಬಿ ಫೈಲ್! 199ಕ್ಕೆ ಇಳಿಸಿ, ನಷ್ಟವೇನಿಲ್ಲ. ಎಫ್‌ಎಫ್‌ಎಂಪೆಗ್ ನೀವೇ ಕಟ್ಟಿಕೊಂಡರೆ ಹೆಸರಿನ ಕೊನೆಗೆ 'ಜಿ' ಇರುವ ಇನ್ನೊಂದು ಬೈನರಿಯೂ ಹುಟ್ಟುತ್ತದೆ. ಫಂಕ್ಷನ್ ಹೆಸರುಗಳು ಉಳಿದಿರುವುದು ಅದರಲ್ಲೇ, ಪರ್ಫ್‌ಗೆ ಅದನ್ನೇ ಕೊಡಿ. ನನ್ನಂತೆ ಲೈಬ್ರರಿ ಬಳಸುವವರು ಕಾನ್ಫಿಗರ್ ಮಾಡುವಾಗ 'ಡಿಸೇಬಲ್ ಸ್ಟ್ರಿಪ್ಪಿಂಗ್' ಕೊಡಬೇಕು.

ಪಟ್ಟಿಯ ಮೇಲ್ಗಡೆ ಎಚ್‌ಇವಿಸಿಯ ಫಂಕ್ಷನ್‌ಗಳು ಇರುತ್ತವೆ ಎಂದುಕೊಂಡಿದ್ದೆ. ಇದ್ದವು, ಅವುಗಳ ಜೊತೆಗೇ ಚಿತ್ರದ ಗಾತ್ರ, ಬಣ್ಣ ಬದಲಿಸುವ ಲೈಬ್ರರಿ ಲಿಬ್‌ಎಸ್‌ಡಬ್ಲ್ಯೂಸ್ಕೇಲ್‌ನ 'ಇನಿಟ್‌ಫಿಲ್ಟರ್' ಕೂತಿತ್ತು. ಚಿತ್ರವನ್ನು ಚಿಕ್ಕದು ಮಾಡುವ ಮೊದಲು ಒಂದೇ ಒಂದು ಸಲ ಲೆಕ್ಕ ಹಾಕಿಕೊಳ್ಳುವ ಫಂಕ್ಷನ್ ಅದು. ಸ್ಯಾಂಪಲಿನಲ್ಲಿ ಅಷ್ಟು ಸಲ ಕಣ್ಣಿಗೆ ಬೀಳುವುದೆಂದರೆ?

ಪರ್ಫ್ ಹೇಳುವುದು ಸಮಯ ಎಲ್ಲಿ ಹೋಯಿತು ಎಂದಷ್ಟೇ. ಎಷ್ಟು ಸಲ ಕರೆದಿರಿ ಎಂದು ಅದಕ್ಕೆ ಗೊತ್ತಿಲ್ಲ. ಅದನ್ನು ಎಣಿಸುವುದು ವ್ಯಾಲ್‌ಗ್ರೈಂಡ್‌ನ ಕಾಲ್‌ಗ್ರೈಂಡ್. ಒಂದೊಂದು ಇನ್‌ಸ್ಟ್ರಕ್ಷನ್ನನ್ನೂ ನಕಲಿ ಸಿಪಿಯುನಲ್ಲಿ ಓಡಿಸುವುದರಿಂದ ಹತ್ತಾರು ಪಟ್ಟು ನಿಧಾನ. ಪೂರ್ತಿ ಕ್ಲಿಪ್ ಹಾಕಿ ಹೋಗಿ, ಮಂಡಕ್ಕಿ-ಮೆಣಸಿನಕಾಯಿ ತಿಂದು, ಚಹಾ ಕುಡಿದು ಬಂದರೂ ಅದಿನ್ನೂ ಅಕ್ಷತೆ ಎಸೆಯುತ್ತಲೇ ಇತ್ತು. 60 ಫ್ರೇಮ್ ಸಾಕು. ಅದರ ಫಲಿತಾಂಶ ತೋರಿಸುವ ಕೆಕ್ಯಾಶ್‌ಗ್ರೈಂಡ್‌ನಲ್ಲಿ ತೆರೆದರೆ, ಗಾತ್ರ ಬದಲಿಸುವ ಸ್ಕೇಲರನ್ನು ಸಜ್ಜು ಮಾಡುವ (ಕಾಂಟೆಕ್ಸ್ಟ್ ಕಟ್ಟುವ) ಫಂಕ್ಷನ್‌ಗೆ 60 ಕರೆ. ಫ್ರೇಮಿಗೊಂದು! ಲೂಪಿನ ಹೊರಗಿರಬೇಕಾದ ಸಾಲು ಒಳಗೆ ಕೂತಿತ್ತು. ಹೊರಗೆ ಹಾಕಿದೆ.

ಇಲ್ಲೊಂದು ಮುಖ್ಯ ಮಾತು. ವ್ಯಾಲ್‌ಗ್ರೈಂಡ್ ಒಂದು ಹೊತ್ತಿಗೆ ಒಂದೇ ಥ್ರೆಡ್ಡನ್ನು ಓಡಿಸುತ್ತದೆ. ಥ್ರೆಡ್ ಕೌಂಟಿನ ತಪ್ಪನ್ನು ಹುಡುಕಲು ಕಾಲ್‌ಗ್ರೈಂಡ್ ಹಿಡಿದಿದ್ದರೆ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಕರೆಗಳ ಎಣಿಕೆಯನ್ನು ಪರ್ಫ್‌ನಲ್ಲಿ ಹುಡುಕಿದ್ದರೂ ಅದೇ ಕಥೆ. ಎರಡರಲ್ಲಿ ಯಾವುದು ಮೇಲು ಎಂದು ಕೇಳುವವರಿಗೆ ನನ್ನ ಬಳಿ ಉತ್ತರವಿಲ್ಲ. ನಿಮ್ಮ ಪ್ರಶ್ನೆ ಯಾವುದು ಅಂತ ಹೇಳಿದರೆ ಇದೆ.

ಪರ್ಫ್‌ನ ಕಪ್ಪು ಪರದೆ ಕಿರಿಕಿರಿ ಎನಿಸಿದರೆ ಹಾಟ್‌ಸ್ಪಾಟ್ ಹಾಕಿಕೊಳ್ಳಿ, ಅದೇ ಫೈಲನ್ನು ಫ್ಲೇಮ್ ಗ್ರಾಫ್ (ಹೆಚ್ಚು ಸಮಯ ತಿಂದ ಫಂಕ್ಷನ್‌ಗೆ ಅಗಲವಾದ ಪಟ್ಟಿ) ಮಾಡಿ ತೋರಿಸುತ್ತದೆ. ಅಸೆಂಬ್ಲಿ ಫಂಕ್ಷನ್‌ಗಳ ಕೆಳಗೆ ಕರೆದವರ ಹೆಸರು ಕೆಲವೊಮ್ಮೆ ಹರಿದುಹೋಗಿರುತ್ತದೆ, ಗಾಬರಿ ಬೇಡ. ಮೆಮೊರಿ ಏರುತ್ತಲೇ ಹೋದರೆ, ಅದನ್ನು ಯಾರು ತೆಗೆದುಕೊಂಡರು ಎಂದು ತೋರಿಸುವ ಹೀಪ್‌ಟ್ರ್ಯಾಕ್. ಬಹುತೇಕ ಯಾವುದೋ ಫ್ರೇಮನ್ನು ಬಿಡುಗಡೆ ಮಾಡಲು ಮರೆತಿರುತ್ತೀರಿ.

ಅಂಕಿಗಳನ್ನು ಬರೆದಿಡುವಾಗ ಕರೆಂಟ್ ಇತ್ತೋ ಇಲ್ಲವೋ ಅದನ್ನೂ ಬರೆದಿಡಿ. ಮೊದಲೆರಡು ದಿನ ವಿದ್ಯಾನಗರದ ಮನೆಯಲ್ಲಿ ನನ್ನ ಲ್ಯಾಪ್‌ಟಾಪಿನಲ್ಲೇ ಅಳೆದಿದ್ದೆ. ಸಂಜೆ ಕರೆಂಟ್ ಹೋಗಿ ಬ್ಯಾಟರಿಗೆ ಬಿದ್ದದ್ದು ಗಮನಕ್ಕೆ ಬಂದಿರಲಿಲ್ಲ. ಸಿಪಿಯು ಎಷ್ಟು ವೇಗವಾಗಿ ಓಡಬೇಕೆಂದು ನಿರ್ಧರಿಸುವ ಗವರ್ನರ್ 'ಪವರ್‌ಸೇವ್' ಆಗಿ ಅಂಕಿಯೆಲ್ಲ ಕುಸಿದವು, ನಾನು ಅದಕ್ಕೂ ಕೋಡಿನಲ್ಲೇ ಕಾರಣ ಹುಡುಕುತ್ತಾ ಕೂತೆ. ಏಪ್ರಿಲ್ ಮಧ್ಯಾಹ್ನದ ಕಾವಿಗೆ ಸಿಪಿಯು ತಾನೇ ವೇಗ ಇಳಿಸಿಕೊಳ್ಳುವುದೂ ಉಂಟು. ಗವರ್ನರನ್ನು 'ಪರ್ಫಾರ್ಮೆನ್ಸ್' ಮಾಡಿ, ಬೆಳಗಿನ ಹೊತ್ತು ಅಳೆಯಿರಿ.

ಶನಿವಾರ ಹೊಸ ಬೈನರಿ ಹಾಕಿ, ಬೀಗರ ಕ್ಲಿಪ್ ತೆರೆದು ಗೆಳೆಯನ ಮುಂದಿಟ್ಟೆ. ಒಂದು ಕಡೆಯೂ ಎಡವದೆ ಕೊನೆಯವರೆಗೆ ಓಡಿತು. ಅವನು ಪರದೆಯನ್ನು ನೋಡಿದ, ಕುತ್ತಿಗೆ ಓರೆ ಮಾಡಿ ಮತ್ತೆ ನೋಡಿದ.

"ಎಲ್ಲ ಸರಿ. ಮದುಮಗ ಯಾಕೆ ಅಡ್ಡ ಮಲಗ್ಯಾನ?"

ತಿರುಗಿಸುವ ಟಿಪ್ಪಣಿಯನ್ನು ನನ್ನ ಪ್ರೋಗ್ರಾಂ ಓದುತ್ತಲೇ ಇರಲಿಲ್ಲ.