ವಸಡಿಗೆ ಮೊದಲು ಅಳತೆ, ಆಮೇಲೆ ಕ್ಲೀನಿಂಗ್: ನನ್ನ ಅನುಭವ

ನಾನು ಶಿರಸಿ ಕಡೆ ಹಲ್ಲಿನ ಡಾಕ್ಟ್ರು, ಎಂಡಿಎಸ್ (ಹಲ್ಲಿನ ವೈದ್ಯದಲ್ಲಿ ಸ್ನಾತಕೋತ್ತರ ಪದವಿ) ಮಾಡಿದ್ದು ವಸಡಿನ ವಿಭಾಗದಲ್ಲೇ. ಬರೋರಲ್ಲಿ ಹೆಚ್ಚಿನವ್ರು ಮೊದಲು ಕೇಳೋದು ಇದನ್ನೇ, "ಡಾಕ್ಟ್ರೇ, ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗತ್ತಂತಲ್ಲ?" ಈ ಭಯಕ್ಕೇ ವರ್ಷಗಟ್ಟಲೆ ಮುಂದಕ್ಕೆ ಹಾಕ್ತಾರೆ, ಕೊನೆಗೆ ಬರೋ ಹೊತ್ತಿಗೆ ಹಲ್ಲಿನ ಸುತ್ತ ಎಲುಬು ಕರಗಿಹೋಗಿರತ್ತೆ, ಟಾರ್ಟರ್, ಅಂದ್ರೆ ಹಲ್ಲಿನ ಮೇಲೆ ಕಲ್ಲಿನ ಹಾಗೆ ಗಟ್ಟಿಯಾದ ಕೊಳೆ, ಹಲ್ಲುಗಳನ್ನ ಒಂದಕ್ಕೊಂದು ಅಂಟಿಸಿ ಹಿಡ್ಕೊಂಡಿರತ್ತೆ, ಅದನ್ನ ತೆಗೆದ ಕೂಡ್ಲೇ ಮೊದಲೇ ಇದ್ದ ಅಲ್ಲಾಟ ಗೊತ್ತಾಗತ್ತೆ, ಬೈಗುಳ ಮಾತ್ರ ಕ್ಲೀನ್ ಮಾಡೋ ಸ್ಕೇಲಿಂಗ್ ಮಷೀನಿಗೆ.

ಅದಕ್ಕೇ ನಾನು ಮಷೀನ್ ಮುಟ್ಟೋಕೆ ಮುಂಚೆ ಪ್ರೋಬ್ ತಗೋತೀನಿ. ಮಿಲಿಮೀಟರ್ ಗುರುತು ಇರೋ ಸಣ್ಣ ಕಡ್ಡಿ ಅದು, ಹಲ್ಲಿಗೂ ವಸಡಿಗೂ ನಡುವೆ ಮೆತ್ತಗೆ ಇಳಿಸಿ ಒಂದೊಂದು ಹಲ್ಲಿಗೂ ಆರು ಕಡೆ ಅಳೀತೀನಿ. 1ರಿಂದ 3 ಮಿಲಿಮೀಟರ್ ಇದ್ದು ರಕ್ತ ಬರ್ಲಿಲ್ಲ ಅಂದ್ರೆ ಸರಿ ಇದೆ, 4 ಅಥವಾ ಅದಕ್ಕೂ ಹೆಚ್ಚಿದ್ದು ರಕ್ತಾನೂ ಬಂದ್ರೆ ಅಲ್ಲಿ ಪಾಕೆಟ್ ಆಗಿದೆ, ಅಂದ್ರೆ ವಸಡು ಹಲ್ಲಿಂದ ಬಿಟ್ಕೊಂಡು ಚೀಲದ ಹಾಗೆ ಆಳ ಆಗಿದೆ ಅಂತ ಲೆಕ್ಕ. ನಂಬರ್‌ಗಳನ್ನ ಜೋರಾಗೇ ಹೇಳ್ತೀನಿ, ಅಸಿಸ್ಟೆಂಟ್ ಬರ್ಕೋತಾರೆ, ಚೇರಲ್ಲಿ ಮಲಗಿರೋರೂ ಕೇಳಿಸ್ಕೋತಾರೆ.

ಒಬ್ಬ ಅಮ್ಮ ಬಂದಿದ್ರು, ಶುಗರ್ ಇತ್ತು, ದಿನಾ ಕವಳ (ಎಲೆ ಅಡಿಕೆ) ಹಾಕೋ ಅಭ್ಯಾಸ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಗೆ ಕಪ್ಪು ಟಾರ್ಟರ್ ಗೋಡೆ ಕಟ್ಟಿದ ಹಾಗೆ ನಿಂತಿತ್ತು. ಜೊಲ್ಲು ಬರೋ ನಾಳ ಅಲ್ಲೇ ತೆರ್ಕೊಳ್ಳೋದು, ಜೊಲ್ಲಲ್ಲಿರೋ ಕ್ಯಾಲ್ಸಿಯಂ ಪಾಚಿ (ಹಲ್ಲಿಗೆ ಹತ್ತೋ ಅಂಟಂಟು ಪದರ) ಮೇಲೆ ಕೂತು ಗಟ್ಟಿ ಆಗತ್ತೆ, ಅದಕ್ಕೇ ಎಲ್ಲರಿಗೂ ಆ ಜಾಗದಲ್ಲೇ ಜಾಸ್ತಿ. ನಾನು "ಎರಡು, ಮೂರು, ಮೂರು" ಅಂತ ಹೇಳ್ತಾ ಹೋಗಿ ದವಡೆ ಹಲ್ಲಿಗೆ ಬಂದಾಗ "ಆರು, ಏಳು" ಅಂದೆ, ಅವ್ರು ಕೈ ಎತ್ತಿ ನಿಲ್ಲಿಸಿ "ಏಳು ಅಂದ್ರಲ್ಲ, ಅದ್ಯಾವ್ದು, ತೋರ್ಸಿ" ಅಂದ್ರು. ಕನ್ನಡಿ ಕೊಟ್ಟು ಕಡ್ಡಿ ಎಷ್ಟು ಒಳಗೆ ಹೋಗತ್ತೆ ಅಂತ ತೋರ್ಸಿದೆ. ಆಮೇಲೆ ಅವ್ರಿಗೆ ಚಿಕಿತ್ಸೆ ಯಾಕೆ ಬೇಕು ಅಂತ ನಾನು ವಿವರಿಸೋದೇ ಬೇಕಾಗ್ಲಿಲ್ಲ.

ಮೊದಲ ಸಲ ಮೇಲೆ ಕಾಣೋ ಟಾರ್ಟರ್ ಮಾತ್ರ ತೆಗೆದೆ. ಅಲ್ಟ್ರಾಸಾನಿಕ್ ಸ್ಕೇಲರ್ ತುದಿ ಸೆಕೆಂಡಿಗೆ 25 ಸಾವಿರ ಸಲಕ್ಕೂ ಮೇಲೆ ನಡುಗತ್ತೆ, ಅದರ ಪಕ್ಕವನ್ನ ಹಲ್ಲಿಗೆ ತಾಗಿಸಿ ಹಗುರವಾಗಿ ಆಡಿಸ್ತಾ ಇರ್ಬೇಕು, ಚೂಪನ್ನ ನೇರ ಊರಿದ್ರೆ ಹಲ್ಲಿಗೆ ಗೀರು ಬೀಳತ್ತೆ, ನೀರು ಯಾಕೆ ಬಿಡ್ತಾರೆ ಅಂದ್ರೆ ಬಿಸಿ ಆಗ್ಬಾರ್ದು, ಪುಡಿ ತೊಳ್ಕೊಂಡು ಹೋಗ್ಬೇಕು ಅಂತ.

ನಿಜವಾದ ಕೆಲ್ಸ ಮುಂದಿನ ಸಲ. ಇಂಜೆಕ್ಷನ್ ಕೊಟ್ಟು ಒಂದು ಬದಿ ಮರಗಟ್ಟಿಸಿ, ವಸಡಿನ ಒಳಗೆ ಬೇರಿನ ಮೇಲೆ ಅಂಟಿರೋದನ್ನ ಗ್ರೇಸಿ ಕ್ಯೂರೆಟ್ ಅನ್ನೋ ತುದಿ ಬಾಗಿರೋ ಕೆರೆಯೋ ಕಡ್ಡಿಗಳಲ್ಲಿ ಕೈಯಿಂದ್ಲೇ ತೆಗೀಬೇಕು, ಒಂದೊಂದು ಜಾಗಕ್ಕೆ ಒಂದೊಂದು ನಂಬರ್: ಮುಂದಿನ ಹಲ್ಲಿಗೆ 5-6, ದವಡೆ ಹಲ್ಲಿನ ಮುಂಬದಿಗೆ 11-12, ಹಿಂಬದಿಗೆ 13-14. ಅಲ್ಲಿ ಕಣ್ಣಿಗೆ ಏನೂ ಕಾಣಲ್ಲ, ಬೆರಳಿಗೇ ಗೊತ್ತಾಗ್ಬೇಕು. ಟಾರ್ಟರ್ ಇರೋವರೆಗೆ ತುದಿ ಕರಕರ ಅಂತ ತಡೆದು ತಡೆದು ಬರತ್ತೆ, ಹೋದ್ಮೇಲೆ ಜಾರ್ಕೊಂಡು ಬರತ್ತೆ. ನನಗೆ ಈ ಕೆಲ್ಸದಲ್ಲಿ ತುಂಬಾ ಇಷ್ಟವಾದ ಗಳಿಗೆ ಇದೇ, ಎಷ್ಟು ಹೊತ್ತಾದ್ರೂ ಅದು ಬರೋವರೆಗೆ ಬಿಡಲ್ಲ.

ಮನೇಲಿ ಹಲ್ಲು ನೋಡ್ಕೊಳ್ಳೋ ಕೆಲ್ಸ ಪೇಶೆಂಟ್‌ಗಳದ್ದು. ಬ್ರಷ್ಷನ್ನ ವಸಡಿನ ಅಂಚಿಗೆ ಓರೆ ಹಿಡಿದು ಸಣ್ಣಗೆ ಆಡಿಸೋದು, ಸಂದಿಗೆ ಇಂಟರ್‌ಡೆಂಟಲ್ ಬ್ರಷ್, ಸಂದಿ ಅಗಲಕ್ಕೆ ತಕ್ಕ ಸೈಜು ನಾನೇ ಹಾಕಿ ನೋಡಿ ಕೊಡ್ತೀನಿ. ರಕ್ತ ಬರತ್ತೆ ಅಂತ ಆ ಜಾಗ ಬಿಟ್ಟು ಉಜ್ಜೋರೇ ಜಾಸ್ತಿ, ಆದ್ರೆ ಪಾಚಿ ನಿಂತಿರೋದಕ್ಕೇ ಅಲ್ಲಿ ರಕ್ತ ಬರೋದು. ಬಾಯಿ ಮುಕ್ಕಳಿಸೋಕೆ 0.2 ಪರ್ಸೆಂಟ್ ಕ್ಲೋರ್‌ಹೆಕ್ಸಿಡಿನ್ ಬರ್ದು ಕೊಟ್ರೂ ಎರಡು ವಾರಕ್ಕೆ ನಿಲ್ಲಿಸಿ ಅಂತೀನಿ, ಇಲ್ದಿದ್ರೆ ಚಹಾ ಕುಡಿಯೋರಿಗೆ ಹಲ್ಲು ಕಂದು ಆಗತ್ತೆ. ಮೆಡಿಕಲ್ ಶಾಪಿಂದ ತಾವೇ ಆಂಟಿಬಯಾಟಿಕ್ ತಂದು ನುಂಗೋರಿಗಂತೂ ಕೈ ಮುಗೀತೀನಿ, ಟಾರ್ಟರ್ ಅಲ್ಲೇ ಇದ್ರೆ ಮಾತ್ರೆ ಏನು ಮಾಡತ್ತೆ?

ಸುಮಾರು ಆರೆಂಟು ವಾರ ಬಿಟ್ಟು ಮತ್ತೆ ಅಳೀಬೇಕು. ಆ ಅಮ್ಮಂದು 7 ಇದ್ದಿದ್ದು 4ಕ್ಕೆ ಬಂದಿತ್ತು, ರಕ್ತ ನಿಂತಿತ್ತು. ಬಾವು ಇಳಿದು ವಸಡು ಕುಗ್ಗಿ ಸಂದಿ ಕಾಣತ್ತೆ, ತಣ್ಣೀರು ಜುಂ ಅನ್ನತ್ತೆ, ಇದನ್ನ ನಾನು ಮೊದಲೇ ಹೇಳಿಬಿಡ್ತೀನಿ, ಆಮೇಲೆ ಹೇಳಿದ್ರೆ ನೆಪ ಹೇಳ್ತಿದಾರೆ ಅನ್ಸತ್ತೆ. ಒಂದು ದವಡೆ ಹಲ್ಲಲ್ಲಿ 6 ಹಾಗೇ ಇತ್ತು, ರಕ್ತಾನೂ ಬರ್ತಿತ್ತು, ಬೇರುಗಳು ಕವಲೊಡೆಯೋ ಜಾಗದವರೆಗೆ ಎಲುಬು ಹೋಗಿತ್ತು, ಅದಕ್ಕೆ ಫ್ಲಾಪ್ ಸರ್ಜರಿ ಮಾಡಿ, ವಸಡು ಬಿಡಿಸಿ ಕಣ್ಣಾರೆ ನೋಡಿ ಕ್ಲೀನ್ ಮಾಡಿದೆ.

ಶುಗರ್ ಇರೋರು ಇದನ್ನ ಬಿಡ್ಲೇಬಾರ್ದು. ಶುಗರ್ ಏರಿದ್ರೆ ವಸಡು ಕೆಡತ್ತೆ, ವಸಡಿನ ಸೋಂಕು ಶುಗರನ್ನ ಇಳಿಯೋಕೆ ಬಿಡಲ್ಲ, ಚಿಕಿತ್ಸೆ ಆದ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಶುಗರ್ ಮಟ್ಟ ತೋರ್ಸೋ ರಕ್ತ ಪರೀಕ್ಷೆ) ಸರಾಸರಿ 0.4 ಪರ್ಸೆಂಟ್ ಪಾಯಿಂಟ್‌ನಷ್ಟು ಇಳಿಯೋದು ಅಧ್ಯಯನಗಳಲ್ಲಿ ಕಂಡಿದೆ. ಬೀಡಿ ಸಿಗರೇಟು ಸೇದೋರಿಗೆ ರಕ್ತಾನೇ ಕಮ್ಮಿ ಬರತ್ತೆ, ಹಾಗಾಗಿ ಕಾಯಿಲೆ ಅಡಗಿರತ್ತೆ, ಅವ್ರಿಗೆ ಅಳತೆ ಇನ್ನೂ ಮುಖ್ಯ. ಬಿಪಿಗೆ ಅಮ್ಲೋಡಿಪಿನ್ ತಗೊಳ್ಳೋ ಕೆಲವ್ರಿಗೆ ವಸಡು ಉಬ್ಬಿ ಬೆಳಿಯತ್ತೆ, ಮಾತ್ರೆ ತಾವೇ ನಿಲ್ಲಿಸ್ಬಾರ್ದು, ಬದಲಿ ಸಾಧ್ಯನಾ ಅಂತ ಅವ್ರ ಫಿಸಿಷಿಯನ್‌ಗೆ ನಾನೇ ಚೀಟಿ ಬರ್ದು ಕಳಿಸ್ತೀನಿ.

ಪಾಕೆಟ್ ಇದ್ದೋರಿಗೆ ಶುರುವಲ್ಲಿ ಮೂರು ತಿಂಗಳಿಗೊಂದು ಸಲ ಬನ್ನಿ ಅಂತೀನಿ. ಬಂದಾಗಲೂ ಮೊದಲು ಪ್ರೋಬೇ, ಹಳೇ ನಂಬರ್ ಪಕ್ಕ ಹೊಸದು ಬರೀತೀವಿ, ಎಲ್ಲಿ ಮತ್ತೆ ಆಳ ಆಗಿದೆಯೋ ಅಲ್ಲಿ ಒಳಗೆ ಕ್ಲೀನ್ ಮಾಡಿ ಕಳಿಸ್ತೀನಿ.