ಮತ ಎಣಿಕೆಗೆ ಮೊದಲು ಹಣದ ಎಣಿಕೆ

ಸಹಕಾರ ಸಂಘದಲ್ಲಿ ಮೂವತ್ತೊಂದು ವರ್ಷ ಕಿರ್ದಿ ಬರೆದು ನಿವೃತ್ತನಾದವನು ನಾನು. ಜಮಾ, ಖರ್ಚು, ಶಿಲ್ಕು ಮೂರೂ ತಾಳೆಯಾಗದಿದ್ದರೆ ನಿದ್ದೆ ಬಾರದ ಜಾತಿ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಗೆ ನಮ್ಮ ಕೇರಿಯ ಸ್ವಸಹಾಯ ಸಂಘದ ಪುಸ್ತಕ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ನಿಲ್ಲಲು ಹೊರಟಾಗ, ಹಣದ ಲೆಕ್ಕವನ್ನು ಊರವರು ನನ್ನ ತಲೆಗೆ ಕಟ್ಟಿದರು. ನಾನೊಂದು ಷರತ್ತು ಹಾಕಿದೆ: ಅಂದಂದಿನ ಜಮಾ-ಖರ್ಚನ್ನು ಅಂದಂದೇ ಹಲಗೆಯ ಮೇಲೆ ಬರೆಯುತ್ತೇನೆ, ಮತದಾನಕ್ಕೆ ಮೊದಲೇ ಎಲ್ಲರೂ ನೋಡಬೇಕು.

"ಹಲಗೆ ಓದುವುದಕ್ಕೆ ಯಾರು ಬರುತ್ತಾರೆ ಅಣ್ಣಯ್ಯ?" ಎಂದು ಅವಳು ನಕ್ಕಳು.

ಬಂದರು. ನಮ್ಮದು ಹೊಸನಗರ ತಾಲ್ಲೂಕಿನ ಒಳಗಿನ ಊರು. ಡಿಸೆಂಬರೆಂದರೆ ಅಡಿಕೆ ಕೊಯ್ಲು. ಹಗಲು ತೋಟದಲ್ಲಿ, ರಾತ್ರಿ ಸುಲಿಯುವ ಚಪ್ಪರದಲ್ಲಿ. ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಮೆಟ್ಟುಗತ್ತಿಗಳ ಮುಂದೆ ಹತ್ತಿಪ್ಪತ್ತು ಜನ ಕುಳಿತಿರುತ್ತಾರೆ, ಕೈಗೆ ಕೆಲಸವಿದ್ದರೂ ಕಿವಿಗೆ ಬಿಡುವಿರುತ್ತದೆ. ಪ್ರಚಾರಕ್ಕೆ ಬೇರೆ ಸಭೆ ಬೇಕಾಗಲಿಲ್ಲ. ಹಲಗೆಯನ್ನು ನಮ್ಮ ಚಪ್ಪರದ ಕಂಬಕ್ಕೇ ತೂಗುಹಾಕಿದೆ.

ಹಣ ಕೇಳುವುದು ನಮ್ಮ ಸೀಮೆಗೆ ಹೊಸದಲ್ಲ. 1952ರಲ್ಲಿ ಸಾಗರ–ಹೊಸನಗರದಿಂದ ಗೆದ್ದ ಶಾಂತವೇರಿ ಗೋಪಾಲಗೌಡರ ಕಾಲದ 'ಒಂದು ಓಟು, ಒಂದು ನೋಟು' ಎಂಬ ಮಾತನ್ನು ಹಿರಿಯರು ಈಗಲೂ ಆಡುತ್ತಾರೆ. ಕೊಟ್ಟವನಿಗೆ ಕೇಳುವ ಹಕ್ಕು ಹುಟ್ಟುತ್ತದೆ ಎಂಬುದಷ್ಟೇ ಅದರ ಗುಟ್ಟು. ನಾನು ಕ್ರಮಸಂಖ್ಯೆಯಿರುವ ಎರಡು ರಸೀದಿ ಪುಸ್ತಕ ಅಚ್ಚು ಹಾಕಿಸಿದೆ. ಹತ್ತು ರೂಪಾಯಿಗೂ ರಸೀದಿ ಎಂದು ಹಟ ಹಿಡಿದೆ.

ಎರಡನೆಯ ದಿನವೇ ಕಗ್ಗಂಟು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರನೊಬ್ಬ ಐವತ್ತು ರೂಪಾಯಿ ಕೊಟ್ಟು, "ಹೆಸರು ಮಾತ್ರ ಹಲಗೆಗೆ ಹಾಕಬೇಡಿ" ಎಂದ. ಅವನಿಗೆ ಕೆಲಸ ಕೊಡುವವರು ಎದುರಾಳಿಯ ಕಡೆಯವರು. ಅದೇ ಸಂಜೆ ಅಡಿಕೆ ವ್ಯಾಪಾರಿಯೊಬ್ಬರು ಇಪ್ಪತ್ತೈದು ಸಾವಿರ ಹಿಡಿದು ಬಂದು ಹೇಳಿದ್ದೂ ಅಕ್ಷರಶಃ ಅದೇ: "ಹೆಸರು ಬೇಡ ಮಾರಾಯರೇ." ಒಂದೇ ಮಾತು, ಇಬ್ಬರ ಬಾಯಲ್ಲಿ. ಒಬ್ಬನದು ಹೆದರಿಕೆ. ಇನ್ನೊಬ್ಬರದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹೊಳೆದಂಡೆಯ ಮರಳು ಅವರಿಗೆ ಬಹಳ ಇಷ್ಟ. ರಾತ್ರಿಯೆಲ್ಲ ಚರ್ಚೆ ನಡೆದು, ನೂರು ರೂಪಾಯಿಯವರೆಗೆ ಹಲಗೆಯಲ್ಲಿ ರಸೀದಿ ಸಂಖ್ಯೆ ಮಾತ್ರ, ಅದಕ್ಕಿಂತ ಹೆಚ್ಚಾದರೆ ಹೆಸರು, ಒಬ್ಬರಿಂದ ಸಾವಿರಕ್ಕಿಂತ ಹೆಚ್ಚು ಹಣ ಬೇಡ ಎಂದಾಯಿತು. ವ್ಯಾಪಾರಿ ಹಣವನ್ನು ಜೇಬಿಗಿಟ್ಟುಕೊಂಡು ಹೋದರು. ಎಲ್ಲಿಗೆ ಹೋದರೆಂದು ನನಗೆ ಗೊತ್ತು, ಬರೆಯುವುದಿಲ್ಲ.

2018ರಲ್ಲಿ, ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ಹಣ ಕೊಡುವ ಚುನಾವಣಾ ಬಾಂಡ್ ಜಾರಿಗೆ ತಂದವರೂ ದಾನಿಗಳಿಗೆ ಸೇಡಿನ ಭಯವಿದೆ ಎಂದೇ ಸಮರ್ಥಿಸಿಕೊಂಡಿದ್ದರು. ಕೊನೆಗಾರನ ಭಯವನ್ನು ಮುಂದಿಟ್ಟು ವ್ಯಾಪಾರಿಗೆ ಮುಸುಕು ಹೊದಿಸಿದ ಹಾಗೆ. ಸುಪ್ರೀಂ ಕೋರ್ಟ್ ಆ ಯೋಜನೆಯನ್ನು ರದ್ದು ಮಾಡಿದ್ದು 2024ರ ಫೆಬ್ರವರಿ 15ರಂದು. ಕೊಟ್ಟವರ, ಪಡೆದವರ ಪಟ್ಟಿ ಹೊರಬಿದ್ದದ್ದು ಮಾರ್ಚಿನಲ್ಲಿ. ನಮ್ಮ ರಾಜ್ಯದ ವಿಧಾನಸಭೆ ಚುನಾವಣೆ ಮುಗಿದು ಆಗಲೇ ಹತ್ತು ತಿಂಗಳಾಗಿತ್ತು. ವಿಧಾನಸಭೆಗೆ ನಿಂತವರು ಪೂರ್ತಿ ಲೆಕ್ಕ ಸಲ್ಲಿಸಬೇಕಾದದ್ದೂ ಫಲಿತಾಂಶ ಬಂದ ಮೂವತ್ತು ದಿನಗಳ ಒಳಗೆ. ಓಟು ಹಾಕಿ ಬಂದ ಮೇಲೆ ಲೆಕ್ಕ ಓದಿ ಮತದಾರ ಮಾಡುವುದೇನು? ಊಟ ಮುಗಿದ ಮೇಲೆ ಉಪ್ಪು ಬಡಿಸಿದಂತೆ.

ನಾನು ತಪ್ಪು ಮಾಡಲಿಲ್ಲ ಎಂದಲ್ಲ. ಐದನೆಯ ದಿನ, ಅಡಿಕೆ ಸುಲಿಯುತ್ತಿದ್ದ ಅಜ್ಜಿಯೊಬ್ಬರು ತಲೆಯೆತ್ತದೆಯೇ ಕೇಳಿದರು: "ಡೀಸೆಲ್ ಬರೆದಿದ್ದೀಯಲ್ಲ ಮಾಣಿ, ಜೀಪು ಯಾರದು? ಬಾಡಿಗೆ ಎಲ್ಲಿ?" ಜೀಪು ನನ್ನ ಷಡ್ಡಕನದು, ಪುಕ್ಕಟೆ ಕೊಟ್ಟದ್ದು. ಹಣ ಕೈಬದಲಾಗದ್ದರಿಂದ ಅದು ಲೆಕ್ಕಕ್ಕೆ ಬಾರದೆಂದು ಭಾವಿಸಿದ್ದೆ. ಮೂವತ್ತೊಂದು ವರ್ಷದ ಅನುಭವ ಅಲ್ಲಿಗೆ ಮಣ್ಣುಪಾಲು. ದಿನಕ್ಕೆ ಸಾವಿರದಂತೆ ಒಂಬತ್ತು ದಿನಕ್ಕೆ ಒಂಬತ್ತು ಸಾವಿರವನ್ನು ಷಡ್ಡಕನ ಹೆಸರಿನಲ್ಲಿ ಜಮಾ ಕಡೆಗೂ ಖರ್ಚಿನ ಕಡೆಗೂ ಬರೆದೆ. ಸಾವಿರದ ಮಿತಿ ನಮ್ಮಿಂದಲೇ ಮುರಿದದ್ದು ಹಲಗೆಯ ಮೇಲೆ ಎದ್ದು ಕಂಡಿತು. ಎದುರಾಳಿಗಳು ಅದನ್ನೇ ಹಿಡಿದು ಆಡಿಕೊಂಡರು. ಆಡಿಕೊಳ್ಳಬೇಕಾದದ್ದೇ. ದೊಡ್ಡ ಚುನಾವಣೆಗಳ ತೂತು ಇದಕ್ಕಿಂತ ಅಗಲ: ವಿಧಾನಸಭೆಯ ಅಭ್ಯರ್ಥಿಗೆ 2022ರಿಂದ 40 ಲಕ್ಷ ರೂಪಾಯಿಯ ಮಿತಿ ಇದೆ, ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ಪಕ್ಷದ ಜೀಪಿನ ಬಾಡಿಗೆಯನ್ನು ಕೇಳುವ ಅಜ್ಜಿಯೂ ಅಲ್ಲಿಲ್ಲ.

ಗ್ರಾಮ ಪಂಚಾಯಿತಿ ಚುನಾವಣೆ ಕಾನೂನಿನ ಪ್ರಕಾರ ಪಕ್ಷರಹಿತ. ಆದರೆ ಯಾವ ಮನೆಯ ಅಂಗಳದಿಂದ ಯಾರ ಹಣ ಹೊರಡುತ್ತದೆಂದು ಊರಿಗೆಲ್ಲ ಗೊತ್ತಿರುತ್ತದೆ. ಹಲಗೆಯಿಂದ ಆದದ್ದು ಇಷ್ಟು: ಗೊತ್ತಿದ್ದೂ ಆಡದ ಮಾತನ್ನು ಜನ ಆಡತೊಡಗಿದರು. "ಅವರ ಹಲಗೆ ಎಲ್ಲಿ?" ಎಂದು ಎದುರು ಕಡೆಯವರನ್ನು ಕೇಳಿದವರು ಕೆಲವರಾದರೂ ಇದ್ದರು. ಹಲಗೆ ಬರಲಿಲ್ಲ, ಮತದಾನದ ಹಿಂದಿನ ರಾತ್ರಿ ಬೈಕುಗಳು ಬಂದವು.

ಜೀಪಿನ ಬಾಡಿಗೆ ಬಿಟ್ಟರೆ 212 ಜನರಿಂದ ಬಂದದ್ದು 18,640 ರೂಪಾಯಿ. ಕರಪತ್ರಕ್ಕೆ 4,300, ಡೀಸೆಲ್‌ಗೆ 6,150, ಚಹಾ-ಅವಲಕ್ಕಿಗೆ 3,480, ಎಣಿಕೆಯ ದಿನ ತಾಲ್ಲೂಕು ಕೇಂದ್ರಕ್ಕೆ ಹೋಗಿಬಂದ ವ್ಯಾನು, ಊಟಕ್ಕೆ 2,900. ಡಿಸೆಂಬರ್ 30ರಂದು ಅವಳು 19 ಮತಗಳಿಂದ ಸೋತಳು.

ಶಿಲ್ಕು ಉಳಿದದ್ದು 1,810. ಇದನ್ನು ಏನು ಮಾಡುವುದೆಂಬ ಜಗಳ ಚುನಾವಣೆಗಿಂತ ಬಿಸಿಯಾಗಿ ನಡೆಯಿತು. ಹಿಂದಿರುಗಿಸಿ ಎಂದರು ಕೆಲವರು, ಕಾಲುಸಂಕಕ್ಕೆ ಹಗ್ಗ ಕಟ್ಟಿಸಿ ಎಂದರು ಕೆಲವರು. ಕೊನೆಗೆ, ಅವಳು ತಾಲ್ಲೂಕು ಪಂಚಾಯಿತಿಗೆ ನಿಲ್ಲಲಿ, ಅದಕ್ಕೆ ಇದೇ ಮೊದಲ ಜಮಾ ಎಂದು ತೀರ್ಮಾನವಾಗಿ, ಅವಳ ಹೆಸರಿನಲ್ಲಿ ಅಂಚೆ ಕಚೇರಿಯ ಉಳಿತಾಯ ಖಾತೆಗೆ ಕಟ್ಟಿದೆವು.

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು. 2021ರಲ್ಲಿ ಅವಧಿ ಮುಗಿಯಿತು, ಆಡಳಿತ ಅಧಿಕಾರಿಗಳ ಕೈಗೆ ಹೋಯಿತು, ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷದ ಮೇಲೆ ವರ್ಷ ಉರುಳಿತು. ಬಾಂಡಿನ ಪಟ್ಟಿ ಹೊರಬಿದ್ದ ಆ ಮಾರ್ಚಿನ ಕೊನೆಗೂ ಚುನಾವಣೆಯ ಸುಳಿವಿರಲಿಲ್ಲ. ನಾನು ಪಾಸ್‌ಬುಕ್ ನಮೂದು ಮಾಡಿಸಿಕೊಂಡು ಬಂದು, ಆ ವರ್ಷದ ಬಡ್ಡಿಯನ್ನು ಕಿರ್ದಿಯಲ್ಲಿ ಜಮಾ ಬರೆದೆ.