ಪದ್ಮಿನಿ ತುಕ್ಕು ಬಿಡಿಸೋಕೆ ಹೋಗಿ ಅರ್ಧ ಗಾಡಿನೇ ಕೊಯ್ದಿದ್ದು (ನನ್ನ ಅನುಭವ)

ನಮ್ದು 1986ನೇ ಮಾಡೆಲ್ ಪ್ರೀಮಿಯರ್ ಪದ್ಮಿನಿ ಕಾರು. ನಮ್ದು ಅಂದ್ರೆ ದೊಡ್ಡಪ್ಪಂದು. ಸಾಗರದ ಹತ್ರ ಹಳ್ಳಿಮನೆ, ಅಡಿಕೆ ತೋಟ, ಗಾಡಿ ನಿಲ್ಸಿದ್ದು ಕೊಟ್ಟಿಗೆ ಪಕ್ಕದ ಮಾಡಿನಲ್ಲಿ. ಒಂಬತ್ತು ಮಳೆಗಾಲ ಅಲ್ಲೇ ಕಳೀತು. ದೊಡ್ಡಪ್ಪ ಇವತ್ತಿಗೂ ಅದನ್ನ ಪದ್ಮಿನಿ ಅನ್ನಲ್ಲ, ಫಿಯೆಟ್ ಅಂತಾನೇ ಅನ್ನೋದು. ಅದೂ ತಪ್ಪಲ್ಲ ಬಿಡಿ, 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಬಾಂಬೆ ಕುರ್ಲಾದಲ್ಲಿ ಶುರುವಾದ ಗಾಡಿಗೇ ಆಮೇಲೆ ಪದ್ಮಿನಿ ಅಂತ ಹೆಸರಿಟ್ಟಿದ್ದು. 1089 ಸಿಸಿ ಇಂಜಿನ್. ಅದು ಎರಡು ದಿನದಲ್ಲಿ ಸ್ಟಾರ್ಟ್ ಆಯ್ತು, ಅದ್ರ ಕಥೆ ಬೇಡ. ನನ್ನನ್ನ ಏಳು ತಿಂಗಳು ಹಿಂಡಿದ್ದು ಬಾಡಿ.

ನೋಡೋಕೆ ಗಾಡಿ ಚೆನ್ನಾಗೇ ಇತ್ತು ಮಾರಾಯ್ರೇ. ಡ್ರೈವರ್ ಡೋರ್ ಕೆಳಗೆ ನಾಲ್ಕು ಗುಳ್ಳೆ, ಮಡ್‌ಗಾರ್ಡ್ ತುದೀಲಿ ಎರಡು, ಅಷ್ಟೇ. ಉಜ್ಜಿ ಪಟ್ಟಿ (ತಗ್ಗು ತುಂಬೋ ಪೇಸ್ಟ್, ಪುಟ್ಟಿ) ಹಾಕಿ ಪೇಂಟ್ ಹೊಡೆದ್ರೆ ಆಯ್ತು ಅಂದ್ಕೊಂಡು ಶಿವಮೊಗ್ಗಕ್ಕೆ ತಂದೆ. ಆಮೇಲೆ ಯಾರೋ ಹೇಳಿದ್ರು ಅಂತ ಫ್ರಿಜ್ ಮೇಲಿದ್ದ ಒಂದು ಮ್ಯಾಗ್ನೆಟ್ ಕಿತ್ಕೊಂಡು ಬಂದು ಬಾಡಿ ಮೇಲೆಲ್ಲಾ ಇಟ್ಟು ನೋಡ್ದೆ. ಬಾನೆಟ್‌ಗೆ ಅಂಟ್ತು, ಟಾಪ್‌ಗೆ ಅಂಟ್ತು, ಬಾಗಿಲ ಕೆಳಗಿನ ಅರ್ಧ ಅಡಿ ಪೂರ್ತಿ ಜಾರಿ ಜಾರಿ ಬೀಳ್ತಿದೆ. ತಗಡು ಇದ್ರೆ ತಾನೇ ಅಂಟೋದು! ಸ್ಕ್ರೂಡ್ರೈವರ್ ತಗೊಂಡು ಹಿಂದಿನ ತುದಿಯಿಂದ ಕುಟ್ತಾ ಹೋದೆ, ಟಣ್ ಟಣ್ ಅಂತಿದ್ದಿದ್ದು ಒಂದು ಕಡೆ ಟಪ್ ಅಂತು, ಸ್ವಲ್ಪ ಒತ್ತಿದೆ, ಹಿಡಿವರೆಗೂ ಒಳಗೆ ಹೋಯ್ತು. ಅಗೆದು ನೋಡಿದ್ರೆ ಅರ್ಧ ಇಂಚು ದಪ್ಪ ಪಟ್ಟಿ, ಅದರ ಹಿಂದೆ ಸೊಳ್ಳೆ ಜಾಲರಿ, ಅದರ ಹಿಂದೆ ಮಡಚಿಟ್ಟ ನ್ಯೂಸ್‌ಪೇಪರ್. ಹಿಂದೆ ಯಾವುದೋ ವರ್ಕ್‌ಶಾಪಲ್ಲಿ ಮಾಡ್ಸಿದ್ದಂತೆ, ದುಡ್ಡು ಕೊಟ್ಟು!

ನನಗೆ ಆಗ್ಲೂ ಅರ್ಥ ಆಗಿರ್ಲಿಲ್ಲ. ಅರ್ಥ ಮಾಡ್ಸಿದ್ದು ನಮ್ಮ ಏರಿಯಾದಲ್ಲಿ ನಲವತ್ತು ವರ್ಷದಿಂದ ಟಿಂಕರಿಂಗ್ (ಗಾಡಿ ಬಾಡಿಯ ತಗಡು ರಿಪೇರಿ) ಮಾಡ್ತಿದ್ದ ಸಾಬ್ರು. ಈಗ ಕೆಲಸ ಬಿಟ್ಟಿದಾರೆ, ಸಂಜೆ ಟೀಗೆ ಅಂತ ಬಂದು ಸ್ಟೂಲ್ ಹಾಕ್ಕೊಂಡು ಕೂರೋರು. ಗುಳ್ಳೆ ತೋರಿಸಿ ಕೇಳ್ದೆ, ಅವ್ರು ಗುಳ್ಳೆ ನೋಡ್ಲೇ ಇಲ್ಲ, "ಸಾರ್, ನೀರು ಎಲ್ಲಿಂದ ಬಂತು ಅದನ್ನ ಹೇಳಿ ಮೊದ್ಲು" ಅಂದ್ರು. ಅವತ್ತು ಅದೇ ಕೆಲಸ. ಪೈಪ್ ಹಿಡ್ಕೊಂಡು ನಮ್ಮ ಹುಡುಗ ಗ್ಲಾಸ್ ಮೇಲೆ ನೀರು ಬಿಡ್ತಿದ್ದ, ನಾನು ಒಳಗೆ ಟಾರ್ಚ್ ಹಿಡ್ದು ಮಲಗಿದ್ದೆ. ಮುಂದಿನ ಗ್ಲಾಸಿನ ರಬ್ಬರ್ ಬೀಡಿಂಗ್ ಮೂಲೇಲಿ ಒಡೆದಿತ್ತು, ನೀರು ಅಲ್ಲಿಂದ ಇಳಿದು ಮ್ಯಾಟ್ ಕೆಳಗೆ ಹೋಗಿ ಕೂರ್ತಿತ್ತು. ಡೋರ್‌ದು ಬೇರೆ ಕಥೆ. ಡೋರ್ ಒಳಗೆ ನೀರು ಹೋಗೋದು ಸಹಜ, ಗ್ಲಾಸ್ ಪಕ್ಕದಿಂದ ಇಳಿದೇ ಇಳಿಯತ್ತೆ, ಅದಕ್ಕೇ ಅಂತ ಕೆಳಗೆ ತೂತು ಕೊಟ್ಟಿರ್ತಾರೆ ಹೊರಗೆ ಹೋಗ್ಲಿ ಅಂತ, ನಮ್ಮ ಗಾಡೀಲಿ ಯಾರೋ ಪುಣ್ಯಾತ್ಮರು ಅಡಿಗೆ ಡಾಂಬರ್ ಕೋಟಿಂಗ್ ಹೊಡೆಯುವಾಗ ಆ ತೂತನ್ನೂ ಸೇರಿಸಿ ಮುಚ್ಚಿದಾರೆ. ಬಾಗಿಲು ಅಂದ್ರೆ ಒಂದು ನೀರಿನ ತೊಟ್ಟಿ ಆಗಿತ್ತು. ಪಕ್ಕದ ಕೊಟ್ಟಿಗೆಯ ಗಂಜಲದ ಹಸಿ, ಮಲೆನಾಡಿನ ಥಂಡಿ, ಅದೂ ಸೇರ್ಕೊಂಡಿದೆ. ಹೊರಗೆ ಕಂಡ ಗುಳ್ಳೆ ಅಂದ್ರೆ ತುಕ್ಕು ಒಳಗಿನಿಂದ ತಿನ್ಕೊಂಡು ಬಂದು ಕೊನೆಗೆ ಹೊರಗೆ ಇಣುಕಿದ್ದು ಅಷ್ಟೇ, ಹೊರಗಿಂದ ಉಜ್ಜಿ ಏನೂ ಪ್ರಯೋಜನ ಇಲ್ಲ, ಕೊಯ್ಯಲೇಬೇಕು.

ಈ ಗಾಡಿಗೆ ಬೇರೆ ಚಾಸಿಸ್ ಇಲ್ಲ, ಬಾಡಿನೇ ಚಾಸಿಸ್. ಜೀಪ್ ತರ ಅಲ್ಲ. ಬಾಗಿಲ ಕೆಳಗೆ ಉದ್ದಕ್ಕೆ ಒಂದು ಪೆಟ್ಟಿಗೆ ತರ ಹೋಗತ್ತಲ್ಲ, ಕಾಲಿಟ್ಟು ಒಳಗೆ ಹತ್ತೋ ಜಾಗ, ಗಾಡಿಗೆ ಅದೇ ಬೆನ್ನುಮೂಳೆ. ನಮ್ದು ಅದೂ ತೂತು. ಸುಮ್ನೆ ಕೊಯ್ದುಬಿಟ್ರೆ ಗಾಡಿ ಮಧ್ಯದಲ್ಲಿ ಬಗ್ಗತ್ತೆ, ಆಮೇಲೆ ಜನ್ಮದಲ್ಲಿ ಬಾಗಿಲು ಸರಿಯಾಗಿ ಮುಚ್ಚಲ್ಲ. ಅದಕ್ಕೆ ಕೊಯ್ಯೋ ಮೊದ್ಲು ಬಾಗಿಲ ಗ್ಯಾಪ್ ನಾಲ್ಕೂ ಕಡೆ ಅಳತೆ ತೆಗೆದು ಗೋಡೆ ಮೇಲೆ ಬರೆದಿಟ್ಟೆ, ಬಾಗಿಲು ಕಳಚಿ ಆ ಜಾಗಕ್ಕೆ ಅಡ್ಡಡ್ಡ ಚೌಕ ಪೈಪ್ ಇಟ್ಟು ಅಲ್ಲಲ್ಲಿ ಚುಕ್ಕಿ ಬೆಸುಗೆ (ಟ್ಯಾಕ್) ಹಾಕಿ ನಿಲ್ಲಿಸ್ದೆ, ಒಂದು ಸೈಡ್ ಪೂರ್ತಿ ಮುಗಿಯೋವರೆಗೂ ಇನ್ನೊಂದು ಸೈಡ್ ಮುಟ್ಟಲಿಲ್ಲ. ಚಾಸಿಸ್ ನಂಬರ್ ಕೊರೆದಿರೋ ಜಾಗಕ್ಕೆ ಮಾತ್ರ ಗ್ರೈಂಡರ್ ತಗೊಂಡು ಹೋಗ್ಲೇಬೇಡಿ, ಅದು ಅಳಿಸಿಹೋದ್ರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ರಿನ್ಯೂವಲ್ ದಿನ ಆರ್‌ಟಿಓಲಿ ನಿಮ್ಮ ಗಾಡಿ ನಿಮ್ಮದೇ ಅಂತ ಸಾಬೀತು ಮಾಡೋಕೆ ಅಲೀಬೇಕು.

ತಗಡಿಗೆ 20 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ ತಂದೆ, ಹತ್ರ ಹತ್ರ 0.9 ಎಂಎಂ. ಪೆಟ್ಟಿಗೆ ಭಾಗಕ್ಕೆ 18 ಗೇಜ್. ತೂತು ಇರೋ ಅಷ್ಟು ಮಾತ್ರ ಕೊಯ್ದ್ರೆ ಸಾಲಲ್ಲ, ಸುತ್ತ ತೆಳ್ಳಗಾಗಿರೋ ತಗಡಿಗೆ ವೆಲ್ಡಿಂಗ್ ಇಟ್ಟ ತಕ್ಷಣ ಅದು ಕರಗಿ ತೂತು ಇನ್ನೂ ದೊಡ್ಡದಾಗತ್ತೆ. ನಾನು ಅಂಗೈ ಅಗಲ ಅಂದ್ಕೊಂಡಿದ್ದ ಪ್ಯಾಚ್ ಕೊನೆಗೆ ತಟ್ಟೆ ಅಗಲ ಆಯ್ತು. ಮೊದ್ಲು ರಟ್ಟಲ್ಲಿ ಕಟ್ ಮಾಡಿ ಅಳತೆ ನೋಡಿ, ಆಮೇಲೆ ತಗಡು. ಮೂಲೆಗಳನ್ನ ಚೂಪಾಗಿ ಬಿಡದೆ ಗುಂಡಗೆ ಮಾಡಿ.

ಮಿಗ್ ವೆಲ್ಡಿಂಗ್ ಮಷಿನ್ (ಬೆಸುಗೆ ವೈರ್ ತಾನಾಗೇ ಹೊರಗೆ ಬರ್ತಾ ಇರತ್ತೆ) ಬಾಡಿಗೆಗೆ ತಂದಿದ್ದೆ, 0.8 ಎಂಎಂ ವೈರ್. ನೆಲದ ಪ್ಯಾಚ್ ಚೆನ್ನಾಗಿ ಬಂತು, ಕೈ ಕುದುರಿತು ಅನ್ನೋ ಸೊಕ್ಕಲ್ಲಿ ಡೋರ್ ಹೊರಗಿನ ತಗಡಿಗೆ ಹೋದೆ, ಒಂದೇ ಎಳೆತಕ್ಕೆ ನಾಲ್ಕು ಇಂಚು ಉದ್ದಕ್ಕೆ ಬೆಸುಗೆ ಎಳೆದೆ. ನೋಡ್ತಾ ಇದ್ದಂಗೆ ಬಾಗಿಲು ಎಣ್ಣೆಗೆ ಬಿದ್ದ ಹಪ್ಪಳದ ತರ ಎದ್ದು ಸೊಟ್ಟ ಆಯ್ತು. ಸಾಬ್ರು ಏನೂ ಅನ್ನಲಿಲ್ಲ, ಟೀ ಕುಡಿದು ಲೋಟ ಕೆಳಗಿಟ್ಟು, "ಬನ್ನಿ" ಅಂದ್ರು. ಉಬ್ಬಿದ ಜಾಗದ ಮಧ್ಯ ಎಂಟಾಣೆ ಅಗಲ ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಂದೆ ಡಾಲಿ (ಕೈಯಲ್ಲಿ ಹಿಡಿಯೋ ಕಬ್ಬಿಣದ ಗಟ್ಟಿ) ಕೊಟ್ಟು ಸುತ್ತಿಗೇಲಿ ಮೆತ್ತಗೆ ನಾಲ್ಕು ಏಟು, ತಕ್ಷಣ ಒದ್ದೆ ಬಟ್ಟೆ. ಚುಯ್ ಅಂತ ಹೊಗೆ ಬಂತು, ಬಟ್ಟೆ ತೆಗೆದ್ರೆ ಉಬ್ಬು ಅರ್ಧ ಇಳಿದಿದೆ. ಹಂಗೇ ಐದಾರು ಕಡೆ ಮಾಡಿದ್ರು. ನಾನು ಆಮೇಲೆ ಬೇರೆ ತಗಡಲ್ಲಿ ಪ್ರಯತ್ನ ಮಾಡ್ದೆ, ನನಗೆ ಇವತ್ತಿಗೂ ಬರಲ್ಲ ಅದು.

ಅಲ್ಲಿಂದ ಮುಂದೆ ನಾನು ಎಳೆಯೋದು ಬಿಟ್ಟೆ. ಒಂದು ಚುಕ್ಕಿ ಇಲ್ಲಿ, ಇನ್ನೊಂದು ಚುಕ್ಕಿ ಆ ತುದಿ, ಮತ್ತೊಂದು ಮಧ್ಯ, ಕೈಯಲ್ಲಿ ಮುಟ್ಟೋ ಅಷ್ಟು ಆರೋವರೆಗೂ ಪಕ್ಕದಲ್ಲಿ ಇನ್ನೊಂದು ಚುಕ್ಕಿ ಇಡಬಾರದು. ಒಂದು ಡೋರ್ ಪ್ಯಾಚಿಗೆ ಒಂದು ಭಾನುವಾರ ಪೂರ್ತಿ ಹೋಯ್ತು. ಒಳಗಿನ ಭಾಗಕ್ಕೆ, ಕಾಣದ ಕಡೆ, ಮೇಲಿನ ತಗಡಿಗೆ 6 ಎಂಎಂ ತೂತು ಕೊರೆದು ಅದರೊಳಗೆ ವೆಲ್ಡ್ ತುಂಬಿಸ್ದೆ, ಕಂಪನಿ ಸ್ಪಾಟ್ ವೆಲ್ಡ್ ತರಾನೇ ಗಟ್ಟಿ ಕೂರತ್ತೆ. ಎರಡು ತಗಡು ಮೇಲೆ ಮೇಲೆ ಬರೋ ಜಾಗಕ್ಕೆ ಮೊದ್ಲೇ ಜಿಂಕ್ ಪ್ರೈಮರ್ ಹೊಡೀರಿ, ಆಮೇಲೆ ಅಲ್ಲಿಗೆ ಬ್ರಶ್ ಹೋಗಲ್ಲ.

ವೆಲ್ಡಿಂಗ್ ಮೊದ್ಲು ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ ಅಂತ ಎಲ್ಲರೂ ಹೇಳ್ತಾರೆ, ನಾನೂ ಮಾಡಿದ್ದೆ. ಆದ್ರೆ ನೆಲಕ್ಕೆ ಶಬ್ದ ತಡೆಯೋಕೆ ಡಾಂಬರ್ ಹಾಳೆ ಅಂಟಿಸಿರ್ತಾರೆ ಅದನ್ನ ಮರೆತಿದ್ದೆ. ನಾನು ಗಾಡಿ ಅಡೀಲಿ ವೆಲ್ಡ್ ಮಾಡ್ತಿದೀನಿ, ಮೇಲೆ ಒಳಗೆ ಹತ್ಕೊಂಡು ಉರೀತಿದೆ, ನನಗೆ ಗೊತ್ತೇ ಇಲ್ಲ. ಅಡುಗೆಮನೆ ಕಿಟಕಿಯಿಂದ ನನ್ನ ಹೆಂಡ್ತಿ ನೋಡಿ ಬಕೆಟ್ ತಂದು ಸುರಿದ್ಲು. ಆಮೇಲೆ ಆ ಬಕೆಟ್ ಗಾಡಿ ಪಕ್ಕಾನೇ ಇರ್ತಿತ್ತು, ಡಾಂಬರ್ ಹಾಳೆ ಉಳಿಯಲಿಲ್ಲ, ಎಲ್ಲ ಕೆರೆದು ಹಾಕಿದೆ. ಗ್ರೈಂಡರಿಗೆ ವೈರ್ ಬ್ರಶ್ ಹಾಕಿದಾಗ ಕನ್ನಡಕ ಸಾಲಲ್ಲ, ಮುಖಕ್ಕೆ ಪೂರ್ತಿ ಶೀಲ್ಡ್ ಬೇಕು, ಅದರ ಒಂದು ಎಳೆ ಹಾರಿ ಬಂದು ನನ್ನ ಸ್ವೆಟರಲ್ಲಿ ಚುಚ್ಕೊಂಡು ನಿಂತಿತ್ತು.

ಸಣ್ಣ ಸಾಮಾನು, ಕೀಲು, ಬ್ರಾಕೆಟ್, ಬೋಲ್ಟ್ ಇವಕ್ಕೆ ಉಜ್ಜೋ ಗೋಳೇ ಬೇಡ. ದನದ ಹಿಂಡಿ ಅಂಗಡೀಲಿ ಕಾಕಂಬಿ (ಸಕ್ಕರೆ ತೆಗೆದು ಉಳಿಯೋ ಕಪ್ಪು ಪಾಕ) ಸಿಗತ್ತೆ, ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಹಾಕಿ ಡ್ರಮ್ಮಲ್ಲಿ ಮುಳುಗಿಸಿ ಎರಡು ವಾರ ಮರೆತುಬಿಡಿ. ವಾಸನೆಗೆ ಅಕ್ಕಪಕ್ಕದವ್ರು ಕೇಳ್ತಾರೆ, ನೊಣ ಬರತ್ತೆ, ಆದ್ರೆ ತೆಗೆದು ನೀರು ಹಾಕಿದ್ರೆ ಬೂದು ಬಣ್ಣದ ಶುದ್ಧ ಕಬ್ಬಿಣ. ತಕ್ಷಣ ಒರೆಸಿ ಪ್ರೈಮರ್ ಹೊಡೀಬೇಕು, ಒಳಗೆ ಕಾಫಿ ಕುಡಿದು ಬರೋಷ್ಟರಲ್ಲಿ ಮತ್ತೆ ಕೆಂಪಗಾಗಿರತ್ತೆ. ಅಲ್ಯೂಮಿನಿಯಂ ಮಾತ್ರ ಹಾಕ್ಬೇಡಿ, ತಿಂದುಹಾಕತ್ತೆ.

ಪ್ರೈಮರ್ ವಿಷಯದಲ್ಲಿ ಸಾಬ್ರಿಗೂ ನನಗೂ ಜಗಳ. ಅವ್ರಿಗೆ ರೆಡ್ ಆಕ್ಸೈಡೇ ಆಗಬೇಕು. ನಾನು ಎರಡು ಡಬ್ಬಿ ಬೆರೆಸೋ ಎಪಾಕ್ಸಿ ಪ್ರೈಮರ್ ಹೊಡೆದೆ, ಯಾಕಂದ್ರೆ ರೆಡ್ ಆಕ್ಸೈಡ್ ಹೊಡೆದು ಹಂಗೇ ಬಿಟ್ರೆ ಅದು ತೇವ ಹೀರತ್ತೆ, ನಮ್ಮ ಊರಲ್ಲಿ ತೇವಕ್ಕೇನು ಬರ. ಎಪಾಕ್ಸಿ ಮೇಲೆ ಪಟ್ಟಿ, ಅದೂ ಕಾಗದದಷ್ಟು ತೆಳ್ಳಗೆ, 80 ನಂಬರ್ ಉಜ್ಜೋ ಪೇಪರ್, ಆಮೇಲೆ 180, ಕೊನೆಗೆ ಸರ್ಫೇಸರ್ (ಬಣ್ಣಕ್ಕೆ ಮೊದ್ಲು ಮೈ ನಯ ಮಾಡೋ ಕೋಟ್) ಹೊಡೆದು 400ರ ವಾಟರ್ ಪೇಪರ್. ತುಕ್ಕಿಗೆ ಆಸಿಡ್ ಹಚ್ಚಿದ್ರೆ ಚೆನ್ನಾಗಿ ತೊಳೆದು ಒಣಗಿಸದೆ ಎಪಾಕ್ಸಿ ಹೊಡೀಬೇಡಿ, ಹಾಳೆ ಹಾಳೆಯಾಗಿ ಎದ್ದು ಬರತ್ತೆ, ನನ್ನ ಎಡಗಡೆ ಮಡ್‌ಗಾರ್ಡ್ ಎರಡು ಸಲ ಆಗಿದ್ದು ಅದಕ್ಕೇ.

ಬಣ್ಣ ನಾನು ಹೊಡೀಲಿಲ್ಲ, ಪೇಂಟ್ ಬೂತ್ ಇರೋರ ಹತ್ರ ಕೊಟ್ಟೆ. ಪೇಂಟ್ ಆಗಿ ಬಂದ್ಮೇಲೆ ಡೋರ್ ಒಳಗೆ, ಪೆಟ್ಟಿಗೆ ಒಳಗೆ ಎಲ್ಲ ಉದ್ದ ಟ್ಯೂಬ್ ತೂರಿಸಿ ವ್ಯಾಕ್ಸ್ ಸ್ಪ್ರೇ ಮಾಡ್ದೆ, ಮಾಡುವಾಗ ನೀರು ಹೋಗೋ ಅಡಿಯ ತೂತು ಮತ್ತೆ ಮುಚ್ಚದ ಹಾಗೆ ಒಂದೊಂದು ಬೆಂಕಿಕಡ್ಡಿ ಸಿಗಿಸಿ ಆಮೇಲೆ ಕಿತ್ತೆ.

ಜೂನಲ್ಲಿ ಗಾಡಿ ಊರಿಗೆ ತಗೊಂಡು ಹೋದೆ. ಆಗುಂಬೆ ಕಡೆ ಮೋಡ, ದಾರಿ ಪೂರ್ತಿ ಮಳೆ. ಅಂಗಳದಲ್ಲಿ ನಿಲ್ಸಿದ್ದೇ ದೊಡ್ಡಪ್ಪ ಕೊಡೆ ಹಿಡ್ಕೊಂಡು ಒಂದು ಸುತ್ತು ಬಂದ್ರು, ಬಗ್ಗಿ ನೋಡಿದ್ರು, ನಾಲ್ಕೂ ಬಾಗಿಲ ಕೆಳಗಿಂದ ತೊಟ ತೊಟ ನೀರು.

"ಇಷ್ಟೆಲ್ಲಾ ಮಾಡಿ ಸೋರ್ತಿದೆಯಲ್ಲೋ" ಅಂದ್ರು.

ಸೋರ್ಬೇಕು ದೊಡ್ಡಪ್ಪ ಅಂದೆ. ಅವ್ರು ನಂಬಲಿಲ್ಲ. ಡಿಕ್ಕಿ ಬಾಗಿಲ ರಬ್ಬರ್ ಇನ್ನೂ ಸಿಕ್ಕಿಲ್ಲ, ಅದು ಮಾತ್ರ ನಿಜವಾಗ್ಲೂ ಸೋರ್ತಿದೆ.